ಮನೆಗೆ ಬೀಗ ಹಾಕಿತ್ತು

ಜುಲೈ 9

ಅಪ್ಪಾ,

ಬಂದು ಹನ್ನೊಂದು ದಿನವಾಯಿತು. ಫೋನ್ ಮಾಡಿದರೆ ನೀವು "ಊಟ ಆಯ್ತಾ? ಸರಿ, ಇಡು" ಎಂದು ಎರಡೇ ಮಾತಿನಲ್ಲಿ ಕಲಾಪ ಮುಗಿಸುತ್ತೀರಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಕಾಗದದಲ್ಲಿ ಬರೆದದ್ದು ದಾಖಲೆಯಾಗುತ್ತದೆ ಎಂದು ಚಿಕ್ಕಂದಿನಿಂದ ನನ್ನ ಕಿವಿ ಹಿಂಡಿ ಹೇಳಿದವರು ನೀವೇ ಅಲ್ಲವೇ? ಇಗೋ, ತೆಗೆದುಕೊಳ್ಳಿ ದಾಖಲೆ.

ಕಾನೂನು ಕಾಲೇಜು ನಾನು ಅಂದುಕೊಂಡ ಹಾಗಿಲ್ಲ. ನಿಮ್ಮ ಕೋರ್ಟಿನಲ್ಲಿ ಅಳುವವರು, ಜಗಳವಾಡುವವರು, ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆ ಮಾಡುವವರು ಇರುತ್ತಿದ್ದರು. ಇಲ್ಲಿ ಬರೀ ಪುಸ್ತಕ. ಒಂದೊಂದು ಪುಸ್ತಕವೂ ಎಷ್ಟು ದಪ್ಪ ಎಂದರೆ ನನ್ನ ರೂಮಿನವಳು ಅದನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಾಳೆ. ಅವಳಿಗೆ ಕುಂಭಕರ್ಣಿ ಎಂದು ಹೆಸರಿಟ್ಟಿದ್ದೇನೆ.

ನಿನ್ನೆ ತರಗತಿಯಲ್ಲಿ ಮೇಷ್ಟರು "ಸಮನ್ಸ್ ಅಂದ್ರೇನು?" ಎಂದು ಕೇಳಿದರು. ಒಬ್ಬೊಬ್ಬರೂ ಎದ್ದು ಗಿಳಿಪಾಠ ಒಪ್ಪಿಸಿದರು. ನನ್ನ ಸರದಿ ಬಂತು. ನನ್ನ ಬಾಯಿಗೆ ಬೀಗ ಎಲ್ಲಿದೆ? "ಮೂರು ಮಡಿಕೆಯ ಕಾಗದ ಸರ್, ಮೂಲೇಲಿ ಅಂಟಿನ ಕಲೆ ಇರುತ್ತೆ" ಎಂದೆ. ಇಡೀ ಕೋಣೆ ನಕ್ಕಿತು. "ನಿಮ್ಮ ತಂದೆ ವಕೀಲರಾ?" ಎಂದರು. "ಅಲ್ಲ ಸರ್, ಅಮೀನರು. ಕೋರ್ಟಿನ ಸಮನ್ಸನ್ನ ಮನೆಮನೆಗೆ ಒಯ್ದು ಕೊಡೋರು. ಆಸಾಮಿ ಸಿಕ್ಕಿದ್ರೆ ಕೈಗೆ, ಸಿಗದಿದ್ರೆ ಬಾಗಿಲಿಗೆ ಅಂಟಿಸೋರು." ಹಿಂದಿನಿಂದ ಯಾರೋ "ಓ, ಪೋಸ್ಟ್‌ಮ್ಯಾನ್" ಎಂದ. ನನಗೆ ಮೈಯೆಲ್ಲ ಉರಿಯಿತು ಅಪ್ಪ.

ಕೂತಲ್ಲಿ ಕೂರಲಾಗುತ್ತಿಲ್ಲ. ಪುಸ್ತಕ ತೆರೆಯುತ್ತೇನೆ, ಮುಚ್ಚುತ್ತೇನೆ, ಕಾರಿಡಾರಿನಲ್ಲಿ ಮೂರು ಸುತ್ತು ಹಾಕಿ ಬರುತ್ತೇನೆ. ಈ ಪುಸ್ತಕಗಳಿಗೆ ಗೊತ್ತಿಲ್ಲದ, ನಿಮಗೆ ಮಾತ್ರ ಗೊತ್ತಿರುವ ಏನಾದರೂ ಒಂದು ಬರೆದು ಕಳಿಸಿ. ಆ ಪೋಸ್ಟ್‌ಮ್ಯಾನ್ ಎಂದವನ ಮುಖಕ್ಕೆ ಹಿಡಿಯಬೇಕು.

ಹಟಮಾರಿ ಮಗಳು,
ಚೂಟಿ

ಜುಲೈ 20

ವಕೀಲಮ್ಮನವರೇ,

ತಮ್ಮ ಪತ್ರ ಖುದ್ದಾಗಿ ತಲುಪಿತು. ಸಹಿ ಮಾಡಿ ಪಡೆದೆ. ಸಾಕ್ಷಿ, ನಿನ್ನಮ್ಮ.

ಪೋಸ್ಟ್‌ಮ್ಯಾನ್ ಎಂದರೆ ಸಿಟ್ಟೇಕೆ? ಅವನ ದಾರಿಯನ್ನು ಜನ ಕಾಯುತ್ತಾರೆ. ನನ್ನನ್ನು ಕಂಡರೆ ಹಿತ್ತಿಲ ಬಾಗಿಲಿನಿಂದ ಓಡುತ್ತಾರೆ. ಮೂವತ್ತೊಂದು ವರ್ಷ ಇದೇ ಸೈಕಲ್ಲು, ಇದೇ ಅಂಟಿನ ಡಬ್ಬಿ. ಬರುವ ಡಿಸೆಂಬರಿಗೆ ನಿವೃತ್ತಿ. ತಪ್ಪು ಮಾಡಿದೆ ಎಂದು ಒಂದೇ ಒಂದು ಮೆಮೊ ಇಲ್ಲ, ತಿಳಿದಿರಲಿ.

ಪುಸ್ತಕದಲ್ಲಿ ಇಲ್ಲದ್ದು ಕೇಳಿದೆಯಲ್ಲ, ಬರೆದುಕೋ. ಸಮನ್ಸ್ ಒಯ್ದು ಬಂದ ಮೇಲೆ ಅದರ ಹಿಂಬದಿಗೆ ಅಮೀನ ಎರಡು ಸಾಲು ಬರೆಯಬೇಕು. ಅದಕ್ಕೆ ಷರಾ ಎನ್ನುತ್ತೇವೆ. ಯಾವಾಗ ಹೋದೆ, ಯಾರು ಸಿಕ್ಕರು, ಏನಾಯಿತು, ಅಷ್ಟೇ. ನ್ಯಾಯಾಧೀಶರು ಮನೆ ನೋಡಿರುವುದಿಲ್ಲ, ವಕೀಲರೂ ನೋಡಿರುವುದಿಲ್ಲ. ಎಲ್ಲರೂ ನೋಡುವುದು ನನ್ನ ಎರಡು ಸಾಲಿನ ಕಣ್ಣಿನಿಂದ.

ಏಳು ವರ್ಷದ ಹಿಂದಿನ ಮಾತು. ಮನೆ ಖಾಲಿ ಮಾಡಿಸುವ ದಾವೆಯ ಸಮನ್ಸ್ ಹಿಡಿದು ಒಂದು ಮನೆಗೆ ಹೋದೆ. ಮನೆಯವನು ಪುಸ್ತಕಕ್ಕೆ ಬೈಂಡು ಹಾಕುವವನು. ನನ್ನ ಡಬ್ಬಿಗೆ ಅಂಟು ತುಂಬಿಸಿ ಕೊಡುತ್ತಿದ್ದವನೂ ಅವನೇ. ಹೋದರೆ ಬಾಗಿಲು ಹಾರುಹೊಡೆದಿದೆ, ನಡುಮನೆಯಲ್ಲಿ ಅವನ ಶವ ಮಲಗಿಸಿದ್ದಾರೆ! ಜೇಬಿನಲ್ಲಿರುವುದು ಅವನ ಹೆಂಡತಿಯ ಹೆಸರಿನ ಸಮನ್ಸ್, ಮನೆ ಅವಳ ಹೆಸರಿನಲ್ಲಿ ಬಾಡಿಗೆಗಿತ್ತು. ಹೇಗೆ ಕೊಡಲಿ? ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವನ ಕಾಲ ಬಳಿ ನಿಂತೆ. ನೀರು ಕೇಳಿ ಕುಡಿದೆ, ಲೋಟ ನಾನೇ ತೊಳೆದಿಟ್ಟೆ. ಸಾವಿನ ಮನೆಯವರಿಗೆ ಕೆಲಸ ಹಚ್ಚಬಾರದು. ಹೊರಗೆ ಬಂದು ಷರಾ ಬರೆದೆ: "ಮನೆಗೆ ಬೀಗ ಹಾಕಿತ್ತು."

ಸುಳ್ಳಲ್ಲವೇ ಎನ್ನಬೇಡ. ಇದು ನಮ್ಮವರಲ್ಲಿ ಹಿಂದಿನಿಂದ ಬಂದದ್ದು. ಸಾವಿನ ಮನೆ, ಹೆರಿಗೆಯ ಮನೆ ಆದರೆ ಬೀಗ ಎಂದು ಬರೆದು ತಿರುಗಿ ಬರುತ್ತೇವೆ. ಕೋರ್ಟು ಇನ್ನೊಂದು ಸಮನ್ಸ್ ಹೊರಡಿಸುತ್ತದೆ. ಪಾಪ, ಅವರಿಗೆ ಅಳುವುದಕ್ಕೆ ಒಂದು ತಿಂಗಳು ಸಿಗುತ್ತದೆ. ಇದನ್ನು ನಿನ್ನ ಮೇಷ್ಟರಿಗೆ ಹೇಳು, ಯಾವ ಪುಟದಲ್ಲಿದೆ ಎಂದು ಹುಡುಕಲಿ.

ಅಮ್ಮ ಕೇಳುತ್ತಿದ್ದಾಳೆ, ತಲೆಗೆ ಎಣ್ಣೆ ಹಚ್ಚುತ್ತೀಯೋ ಇಲ್ಲವೋ?

ಸಹಿ,
ನಿನ್ನ ಅಪ್ಪ

ಆಗಸ್ಟ್ 2

ಅಪ್ಪಾ,

ನಿಮ್ಮ ಪತ್ರವನ್ನು ಕುಂಭಕರ್ಣಿಗೆ ಓದಿ ಹೇಳಿದೆ. ಎದ್ದು ಕೂತು ಕೇಳಿದಳು, ಅದೇ ಒಂದು ಪವಾಡ. "ನಿಮ್ಮಪ್ಪ ದೇವರಂಥೋರು ಕಣೆ" ಎಂದಳು. ನಾನು ಹೌದು, ಆದರೆ ಗೊರಕೆ ಜಾಸ್ತಿ ಎಂದೆ.

ಇಲ್ಲಿ ಉಚಿತ ಕಾನೂನು ನೆರವಿನ ಕೇಂದ್ರ ಒಂದಿದೆ. ಮೂರನೇ ವರ್ಷದವರಿಗೆ ಮಾತ್ರವಂತೆ. ಹೋಗಿ ಮೇಡಂ ಹತ್ತಿರ ಜಗಳವಾಡಿದೆ. ಕೊನೆಗೆ "ಕಡತಕ್ಕೆ ಪುಟಸಂಖ್ಯೆ ಹಾಕೋ ಕೆಲಸ ಮಾಡ್ತೀಯೇನು?" ಎಂದರು. ಗುಡಿಸೋ ಕೆಲಸವಾದರೂ ಸೈ ಎಂದೆ. ಅಂತೂ ಮನುಷ್ಯರ ಮುಖ ನೋಡಲು ಸಿಗುತ್ತದೆ. ಈ ಪತ್ರ ಬರೆಯುವಾಗಲೂ ಕಾಲು ಕುಣಿಯುತ್ತಿದೆ.

ಎಣ್ಣೆ ಹಚ್ಚುತ್ತಿಲ್ಲ, ಬೈಯಲು ಹೇಳಿ.

ಚೂಟಿ

ಸೆಪ್ಟೆಂಬರ್ 16

ಅಪ್ಪಾ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಈಗ ಒಂದೇ ಉಸಿರಿಗೆ ಬರೆಯುತ್ತೇನೆ, ನಡುವೆ ನಿಲ್ಲಿಸಿದರೆ ಇದನ್ನೂ ಹರಿಯುತ್ತೇನೆ.

ಕಾಲೇಜಿನ ಗೇಟಿನ ಹತ್ತಿರ ಝೆರಾಕ್ಸ್ ಅಂಗಡಿಯ ಅಕ್ಕ ಒಬ್ಬರಿದ್ದಾರೆ. ಹದಿನೈದು ದಿನದ ಹಿಂದೆ ತಮ್ಮ ದೊಡ್ಡಮ್ಮನನ್ನು ನಮ್ಮ ಕೇಂದ್ರಕ್ಕೆ ಕರೆದುಕೊಂಡು ಬಂದರು. ನಾಲ್ಕು ಗಂಟೆ ಬಸ್ಸಿನಲ್ಲಿ ಬಂದಿದ್ದ ಆ ದೊಡ್ಡಮ್ಮ ನಮ್ಮ ಊರಿನವರು. ಮನೆ ಖಾಲಿ ಮಾಡಬೇಕೆಂದು ಕೋರ್ಟಿನ ವಾರಂಟು ಬಂದಿದೆ. ಯಾವ ಕೇಸು, ಯಾವಾಗ ನಡೆಯಿತು ಎಂದೇ ಅವರಿಗೆ ಗೊತ್ತಿಲ್ಲ. ಪ್ರತಿವಾದಿ ಬರಲಿಲ್ಲ ಎಂದು ಆರೂವರೆ ವರ್ಷದ ಹಿಂದೆಯೇ ಏಕಪಕ್ಷೀಯ ತೀರ್ಪು ಆಗಿಹೋಗಿದೆ. ಮನೆ ಮಾಲೀಕರ ಮಕ್ಕಳು ತಮ್ಮತಮ್ಮಲ್ಲೇ ಕಿತ್ತಾಡಿಕೊಂಡು ಇಷ್ಟು ದಿನ ಸುಮ್ಮನಿದ್ದರು, ಈಗ ರಾಜಿಯಾಗಿ ವಾರಂಟು ತಂದಿದ್ದಾರೆ.

ಮೇಡಂ ಕೋರ್ಟಿನಿಂದ ಹಳೆಯ ಕಡತದ ನಕಲು ತರಿಸಿದರು. ಪುಟಸಂಖ್ಯೆ ಹಾಕಲು ನನ್ನ ಕೈಗೆ ಕೊಟ್ಟರು. ಹನ್ನೊಂದನೇ ಪುಟ, ಸಮನ್ಸಿನ ಹಿಂಬದಿ. "ಮನೆಗೆ ಬೀಗ ಹಾಕಿತ್ತು. ಸಮನ್ಸನ್ನು ಹೊರಬಾಗಿಲಿಗೆ ಅಂಟಿಸಿ ಜಾರಿ ಮಾಡಿದ್ದೇನೆ." ಕೆಳಗೆ ಟೀ ಅಂಗಡಿಯವರ ಸಾಕ್ಷಿ ಸಹಿ. ಅದರ ಕೆಳಗೆ, ನನ್ನ ಶಾಲೆಯ ಅಂಕಪಟ್ಟಿಯ ಮೇಲೆ ಹತ್ತು ವರ್ಷ ನೋಡಿದ ಸಹಿ.

ನೀವು ಬೀಗ ಎಂದು ಮಾತ್ರ ಬರೆದಿದ್ದಿರಲ್ಲವೇ ಅಪ್ಪ? "ಅಂಟಿಸಿದೆ" ಎಂಬುದು ಎಲ್ಲಿಂದ ಬಂತು? ಅಂಟಿಸಿದ ಮೇಲೆ ಇನ್ನೊಂದು ಸಮನ್ಸ್ ಯಾಕೆ ಹೊರಡುತ್ತದೆ? ಹೊರಡಲಿಲ್ಲ. ಆ ಎರಡನೇ ಸಾಲನ್ನು ನಂಬಿಯೇ ತೀರ್ಪು ಕೊಟ್ಟಿದ್ದಾರೆ.

ಆಮೇಲೆ ಆ ದೊಡ್ಡಮ್ಮ ಮೇಡಂ ಮುಂದೆ ಹೇಳಿದ್ದು ಕೇಳಿ. "ಕೋರ್ಟಿನೋರು ಒಬ್ರು ಅಂಟಿಗೆ ಬರ್ತಿದ್ರು ತಾಯಿ. ನಮ್ಮನೆಯೋರು ಹೋದ ದಿವಸಾನೂ ಬಂದ್ರು. ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತ್ಕೊಂಡ್ರು. ನೀರು ಕುಡಿದು ಲೋಟಾನ ತಾವೇ ತೊಳೆದಿಟ್ರು. ಸ್ವಂತದೋರೂ ಬರದ ಹೊತ್ತಲ್ಲಿ ಬಂದ್ರಲ್ಲ ಅಂತ ಇವತ್ತಿಗೂ ನೆನೆಸ್ಕೋತೀನಿ."

ನಾನು ಎದ್ದು ಹೊರಗೆ ಹೋದೆ. ಲೋಟ ತೊಳೆದಿಡುವ ಅಮೀನರು ಈ ಲೋಕದಲ್ಲಿ ಎಷ್ಟು ಮಂದಿ ಇದ್ದಾರೆ?

ಮರಣಪತ್ರ ಇದೆ, ದಿನಾಂಕವೂ ಅದೇ. ಆದರೆ ಎದುರಿನ ವಕೀಲರು, ಅಂತ್ಯಕ್ರಿಯೆಗೆ ಹೋದಾಗ ಬೀಗ ಹಾಕಿರಬಹುದಲ್ಲ, ಅಮೀನರು ಆಗ ಬಂದಿರಬಹುದಲ್ಲ ಎನ್ನುತ್ತಾರಂತೆ. ಏಳು ವರ್ಷದ ಮೇಲೆ ದೊಡ್ಡಮ್ಮನ ಮಾತು ಒಂದು ಕಡೆ, ಸರ್ಕಾರಿ ಷರಾ ಇನ್ನೊಂದು ಕಡೆ. ಗೆಲ್ಲುವುದು ಯಾವುದು ಎಂದು ನಿಮಗೆ ನಾನು ಹೇಳಬೇಕೇ? ಅದು ಸುಳ್ಳು ಎಂದು ಹೇಳಬಲ್ಲವರು ಒಬ್ಬರೇ.

ನಿಮ್ಮ ಜುಲೈ ಪತ್ರ ನನ್ನ ದಪ್ಪ ಪುಸ್ತಕದೊಳಗಿದೆ. ಮೇಡಂಗೆ ಇನ್ನೂ ಏನೂ ಹೇಳಿಲ್ಲ. ಒಂದು ವಾರದಿಂದ ಆ ಪುಸ್ತಕ ಮುಟ್ಟಿಲ್ಲ, ಪರೀಕ್ಷೆ ಹತ್ತಿರ ಬಂದಿದೆ. ನಾನೇನು ಮಾಡಲಿ, ಹೇಳಿ.

ಚೂಟಿ

ಸೆಪ್ಟೆಂಬರ್ 27

ಮಗಳಿಗೆ,

ಪತ್ರ ತಲುಪಿತು.

ಊರಿನಲ್ಲಿ ಸಾವಿನ ಮನೆ ಒಂದೇ ಇರುವುದಿಲ್ಲ. ನೀರು ಕುಡಿದವರೂ ನಾನೊಬ್ಬನೇ ಅಲ್ಲ. ನೀನು ಕೇಳಿದೆ ಎಂದು ನಾನು ಏನೋ ಕಥೆ ಕಟ್ಟಿ ಬರೆದೆ. ನಾಲ್ಕು ಜನರ ಮುಂದೆ ನಿನ್ನ ಮಾನ ಉಳಿಯಲಿ ಎಂದು. ಅದನ್ನು ಹಿಡಿದುಕೊಂಡು ನೀನು ನನ್ನ ಮೇಲೆಯೇ ವಿಚಾರಣೆ ಶುರು ಮಾಡಿದೆ. ಕುಂಬಳಕಾಯಿ ಕಳ್ಳ ಎಂದರೆ ನಾನೇಕೆ ಹೆಗಲು ಮುಟ್ಟಿ ನೋಡಿಕೊಳ್ಳಲಿ?

"ಅಂಟಿಸಿದ್ದೇನೆ" ಎಂದು ಬರೆಯದಿದ್ದರೆ ಮೇಲಿನವರು, ಯಾಕಯ್ಯ ಅಂಟಿಸದೆ ಬಂದೆ, ಬಿಸಿಲಿಗೆ ಕರಗಿಹೋಗ್ತೀಯಾ ಎಂದು ಉಗಿಯುತ್ತಾರೆ. ಎಲ್ಲ ಅಮೀನರೂ ಹಾಗೆಯೇ ಬರೆಯುತ್ತಾರೆ. ಹಿಂದಿನ ಜಡ್ಜ್ ಸಾಹೇಬರಿದ್ದಾಗ ಅಂಟಿಸಿದ್ದು ಎಂದಿದ್ದರೂ ಇನ್ನೊಮ್ಮೆ ಕಳಿಸುತ್ತಿದ್ದರು. ಆ ತಿಂಗಳು ಹೊಸಬರು ಬಂದಿದ್ದರು. ಅದಕ್ಕೆ ನಾನು ಹೊಣೆಯೇ?

ನನಗೆ ಉಳಿದಿರುವುದು ಮೂರು ತಿಂಗಳು. ಸುಳ್ಳು ಷರಾ ಎಂದರೆ ವಿಚಾರಣೆ, ಪಿಂಚಣಿಗೆ ಕಲ್ಲು. ಮೂವತ್ತೊಂದು ವರ್ಷದ ಹೆಸರು ಮಣ್ಣುಪಾಲು. ಆ ಪತ್ರ ಹರಿದು ಒಲೆಗೆ ಹಾಕು. ನಿನ್ನನ್ನು ಓದಿಸಿದ್ದು ನನಗೇ ಓದಿ ಹೇಳಲಿ ಎಂದಲ್ಲ. ಓದಿಗೆ ಗಮನ ಕೊಡು.

ನಿನ್ನ ತಂದೆ

ಅಕ್ಟೋಬರ್ 12

ಚೂಟಿ ಮರಿ,

ನಾನು ಪತ್ರ ಬರೆಯುವವಳಲ್ಲ, ನಿನಗೆ ಗೊತ್ತು. ನಿಮ್ಮಪ್ಪ ಕೆಲಸಕ್ಕೆ ಹೋಗಿದ್ದಾರೆ, ಅದಕ್ಕೆ ಕೂತಿದ್ದೇನೆ.

ಅವರು ನನಗೆ ಏನೂ ಹೇಳಿಲ್ಲ. ನೀನೂ ಹೇಳಿಲ್ಲ. ನನಗೇನು ಕಣ್ಣಿಲ್ಲವೇ? ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ನಿನ್ನ ಕಾಗದ ಸಿಕ್ಕಿತು, ಓದಿದೆ. ಏಳು ವರ್ಷದಿಂದ ಅವರು ಬೈಂಡಿನವರ ಬೀದಿಗೆ ಹೋಗಿಲ್ಲ. ಮಾರುಕಟ್ಟೆಗೆ ಹೋಗಬೇಕಾದರೂ ಕೆರೆ ಏರಿ ಸುತ್ತಿಕೊಂಡು ಹೋಗುತ್ತಾರೆ. ಆ ಬೀದಿಯ ಸಮನ್ಸ್ ಬಂದರೆ ಜೊತೆಯವರಿಗೆ ಕೊಟ್ಟು ಅವರ ಪಾಲಿನ ದೂರದ ಬೀದಿ ತಾವು ತೆಗೆದುಕೊಳ್ಳುತ್ತಾರೆ. ಅಂಟನ್ನು ಮೈದಾ ಕಲಸಿ ಕುದಿಸಿ ನಾನೇ ಡಬ್ಬಿಗೆ ತುಂಬಿಸಿ ಕೊಡುತ್ತಿದ್ದೇನೆ. ಯಾಕ್ರೀ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗ ಅನಿಸುತ್ತದೆ.

ನೀನು ಮಾಡುತ್ತಿರುವುದು ಸರಿ ಎನ್ನಲಾರೆ, ತಪ್ಪು ಎನ್ನಲೂ ಬಾಯಿ ಬರುವುದಿಲ್ಲ. ಆ ಹೆಂಗಸು ನನ್ನ ವಯಸ್ಸಿನವಳು. ನಿಮ್ಮಪ್ಪ ನಿನಗೆ ಬರೆಯಲು ಕೂರುತ್ತಾರೆ, ಹರಿಯುತ್ತಾರೆ. ಊಟ ಅರ್ಧಕ್ಕೇ ಬಿಟ್ಟು ಏಳುತ್ತಾರೆ. ಸೈಕಲ್ ಒರೆಸಿದ್ದನ್ನೇ ಒರೆಸುತ್ತಾರೆ. ಆದರೆ ದಿನಾ ಬಂದ ಕೂಡಲೇ "ಅವಳ ಕಾಗದ ಬಂತಾ?" ಎಂದು ಮಾತ್ರ ಕೇಳುತ್ತಾರೆ. ಬೈದಾದರೂ ಬರಿ.

ತಲೆಗೆ ಎಣ್ಣೆ ಹಚ್ಚು.

ಅಮ್ಮ

ಅಕ್ಟೋಬರ್ 24

ಅಪ್ಪಾ,

ಮೇಡಂಗೆ ಹೇಳಿಬಿಟ್ಟೆ. ಪುಟ ಹನ್ನೊಂದರ ಸಹಿ ನಮ್ಮಪ್ಪನದು ಎಂದೆ. ಬಾಗಿಲು ಹಾಕಿ ಕೂರಿಸಿದರು. ಒಂದು ತಿಂಗಳು ಯಾಕೆ ಬಚ್ಚಿಟ್ಟೆ ಎಂದು ಮೊದಲು ಚೆನ್ನಾಗಿ ಬೈದರು. ಈ ಕೇಸಿನಿಂದ ನನ್ನನ್ನು ತೆಗೆದರು, ಕಡತ ಇರುವ ಕೋಣೆಗೂ ಬರಬಾರದು ಎಂದರು. ನಾನು ಅಳುತ್ತಾ ನಿಮ್ಮ ಪತ್ರ ಮೇಜಿನ ಮೇಲಿಟ್ಟೆ. ಅವರು ಬಿಚ್ಚಲೇ ಇಲ್ಲ.

"ಇದರಲ್ಲಿ ಏನಿದೆ ಅಂತ ನಾನು ಕೇಳಲ್ಲ. ಅಪ್ಪನ ಕಾಗದಾನ ಮಗಳ ಕೈಯಿಂದ ಕಿತ್ಕೊಂಡು ಕೇಸ್ ಗೆಲ್ಲೋ ಯೋಗ್ಯತೆ ನಂಗೆ ಬೇಡ. ಅಮೀನರನ್ನ ಸಾಕ್ಷಿಗೆ ಕರೀರಿ ಅಂತ ಅರ್ಜಿ ಹಾಕ್ತೀನಿ. ಅವರು ಬಂದು ಏನು ಹೇಳ್ತಾರೋ ಅದು ಅವರಿಗೆ ಬಿಟ್ಟದ್ದು" ಎಂದರು.

ವಿಚಾರಣೆ ನವೆಂಬರ್ 28ಕ್ಕೆ. ಅಲ್ಲಿಯವರೆಗೆ ಮನೆ ಖಾಲಿ ಮಾಡಿಸುವಂತಿಲ್ಲ ಎಂದು ತಡೆ ಸಿಕ್ಕಿದೆ. ಆಮೇಲೆ ಸೋತರೆ ಡಿಸೆಂಬರಿಗೆ ಆ ದೊಡ್ಡಮ್ಮ ಬೀದಿಗೆ. ಝೆರಾಕ್ಸ್ ಅಕ್ಕನ ಅಂಗಡಿಯ ಹಿಂದೆ ಒಂದೇ ಕೋಣೆ, ಅದರಲ್ಲೇ ಐದು ಜನ. ಗಂಡನ ಹಳೆಯ ಬೈಂಡಿಂಗ್ ಒತ್ತುಯಂತ್ರ ಎಲ್ಲಿಡೋದು ಎಂದು ದೊಡ್ಡಮ್ಮ ಕೇಳುತ್ತಿದ್ದರಂತೆ. ನಾನು ಯಾರ ಮಗಳು ಎಂದು ಅವರಿಗೆ ಇನ್ನೂ ಗೊತ್ತಿಲ್ಲ. ಗೇಟಿನಲ್ಲಿ ಸಿಕ್ಕರೆ ಕೆನ್ನೆ ಸವರುತ್ತಾರೆ. ನಾನು ಬೇರೆ ಗೇಟಿನಿಂದ ಓಡಾಡುತ್ತಿದ್ದೇನೆ. ನೀವು ಕೆರೆ ಏರಿ ಸುತ್ತುವ ಹಾಗೆ.

ನಿಮ್ಮ ಜುಲೈ ಪತ್ರವನ್ನು ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ. ನಕಲು ಮಾಡಿಕೊಂಡಿಲ್ಲ, ಅಮ್ಮನಾಣೆ. ಸುಡುವುದಾದರೆ ನೀವೇ ಸುಡಿ. ನಾನು ಸುಟ್ಟು, ಅಂಥ ಪತ್ರ ಬಂದೇ ಇಲ್ಲ ಎಂದರೆ ಅದು ನನ್ನ ಮೊದಲನೇ ಸುಳ್ಳು ಷರಾ ಆಗುತ್ತದೆ. ಅದನ್ನು ಬರೆದ ಮೇಲೆ ಈ ಕಾಲೇಜಿನಲ್ಲಿ ಯಾವ ಮುಖ ಇಟ್ಟುಕೊಂಡು ಕೂರಲಿ?

ನಿಮ್ಮ ಮೇಲೆ ಸಿಟ್ಟಿದೆ. ಕಥೆ ಕಟ್ಟಿದೆ ಎಂದಿರಲ್ಲ, ಅದಕ್ಕೇ ಹೆಚ್ಚು ಸಿಟ್ಟು. ಆದರೂ ಮೆಸ್ಸಿನಲ್ಲಿ ನೀರು ಕುಡಿದು ಲೋಟ ನಾನೇ ತೊಳೆದಿಡುತ್ತೇನೆ. ಎಲ್ಲರೂ ನಗುತ್ತಾರೆ. ಬಿಡಲು ಆಗುತ್ತಿಲ್ಲ ಅಪ್ಪ.

ಉತ್ತರ ಬರೆಯಿರಿ. ಬೈದಾದರೂ ಬರೆಯಿರಿ.

ಚೂಟಿ

ನವೆಂಬರ್ 22

ಚೂಟಿ,

ನಿನ್ನ ಪತ್ರ ಬಂದು ಮೂರೂವರೆ ವಾರವಾಯಿತು. ಉತ್ತರ ಬರೆಯಲಿಲ್ಲ. ಬರೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ಇವತ್ತು ಇದೆ.

ಬೆಳಿಗ್ಗೆ ಎಂದಿನಂತೆ ಸಮನ್ಸಿನ ಕಟ್ಟು ತೆಗೆದುಕೊಂಡೆ. ಹಂಚುವ ಗುಮಾಸ್ತ ಹೊಸ ಹುಡುಗ, ಬೀದಿ ನೋಡಿ ಕಟ್ಟುತ್ತಾನೆ, ಹೆಸರು ಓದುವುದಿಲ್ಲ. ಜಗಲಿಯಲ್ಲಿ ಕೂತು ಕಟ್ಟು ಬಿಚ್ಚಿದೆ. ಆರನೆಯದು ಸಾಕ್ಷಿ ಸಮನ್ಸ್. ವಿಳಾಸ ನಮ್ಮ ಬೀದಿ, ನಮ್ಮ ಮನೆ ನಂಬರು. ಹೆಸರು ನನ್ನದು. ನೋಡು ತಮಾಷೆ, ನನಗೆ ಸಮನ್ಸ್ ಕೊಡುವ ಕೆಲಸ ನನ್ನ ಪಾಲಿಗೇ ಬಂದಿದೆ!

ಜೊತೆಯ ಅಮೀನ ಪಕ್ಕದಲ್ಲೇ ಇದ್ದ. ಅದೇ, ಏಳು ವರ್ಷದಿಂದ ನನ್ನ ಬದಲು ಬೈಂಡಿನವರ ಬೀದಿಗೆ ಹೋಗುವವನು. ಓದಿ ನೋಡಿ ತಲೆ ಚಚ್ಚಿಕೊಂಡ. "ಕೊಡಣ್ಣ ಇಲ್ಲಿ. ‘ಮನೆಗೆ ಬೀಗ ಹಾಕಿತ್ತು’ ಅಂತ ನಾನೇ ಬರೆದು ಹಾಕ್ತೀನಿ. ಇನ್ನೊಂದು ಸಮನ್ಸ್ ಬರೋ ಹೊತ್ತಿಗೆ ಡಿಸೆಂಬರ್ ದಾಟಿರುತ್ತೆ. ಆಮೇಲೆ ನೀನ್ಯಾರೋ ಕೋರ್ಟ್ ಯಾರೋ" ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನೂ ಆವತ್ತು ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು.

ಕಾಗದ ಅವನ ಕೈಗೆ ಕೊಟ್ಟೂ ಬಿಟ್ಟೆ ಚೂಟಿ. ಸುಳ್ಳು ಹೇಳುವುದಿಲ್ಲ. ಟೀ ಕುಡಿಯುವಷ್ಟು ಹೊತ್ತು ಅದು ಅವನ ಕೈಯಲ್ಲೇ ಇತ್ತು. ಅವನು ಪೆನ್ನಿನ ಮುಚ್ಚಳ ತೆಗೆದ. ಆಗ ಕೈಯಿಂದ ಕಿತ್ತುಕೊಂಡೆ. "ಏನಣ್ಣ, ತಲೆಗಿಲೆ ಕೆಟ್ಟಿದೆಯಾ?" ಎಂದ. ಹೌದು ಎಂದೆ.

ನಿನಗೆ ಹೇಳದೆ ಉಳಿಸಿದ್ದು ಒಂದಿದೆ. ಆ ಸಾವಿನ ನಾಲ್ಕು ತಿಂಗಳ ಮೇಲೆ ಕೋರ್ಟಿನ ಗೋಡೆಯಲ್ಲಿ ಮುಗಿದ ಕೇಸುಗಳ ಪಟ್ಟಿ ಹಾಕಿದ್ದರು. ಅದರಲ್ಲಿ ಆಯಮ್ಮನ ಹೆಸರಿತ್ತು, ಮುಂದೆ "ಏಕಪಕ್ಷೀಯ" ಎಂದಿತ್ತು. ಓದಿದೆ. ಒಳಗೆ ಹೋಗಿ, ಸ್ವಾಮೀ ನನ್ನ ಷರಾ ಸುಳ್ಳು ಎಂದಿದ್ದರೆ ಆವತ್ತೇ ಸರಿಹೋಗುತ್ತಿತ್ತು. ನಾನು ಟೀ ಕುಡಿಯಲು ಹೋದೆ. ಬೀಗ ಎಂದು ಬರೆದದ್ದಕ್ಕೆ ನನಗೆ ನಾಚಿಕೆಯಿಲ್ಲ. ಆ ಟೀಗೆ ನಾಚಿಕೆ. ನಿನ್ನ ಮುಂದೆ ಅದೇ ಕಥೆಯನ್ನು ದೊಡ್ಡಸ್ತಿಕೆ ಮಾಡಿ ಹೇಳಿಕೊಂಡೆನಲ್ಲ, ಅದಕ್ಕೆ ಇನ್ನೂ ಹೆಚ್ಚು.

ಮಧ್ಯಾಹ್ನ ಬೈಂಡಿನವರ ಬೀದಿಗೆ ಹೋದೆ. ಆಯಮ್ಮ ಊರಿಗೆ ವಾಪಸ್ ಬಂದಿದ್ದಾರೆ. ನನ್ನನ್ನು ಕಂಡು "ಬನ್ನಿ ಬನ್ನಿ, ಅಂಟು ಬೇಕಿತ್ತಾ? ಈಗ ಮಾಡೋರಿಲ್ಲವಲ್ಲಪ್ಪ" ಎಂದರು. ನಿಂತುಕೊಂಡೇ ಎಲ್ಲ ಹೇಳಿದೆ. ಆ ಕಾಗದ ಅಂಟಿಸಲಿಲ್ಲ, ಕೊಡಲೂ ಇಲ್ಲ, ಜೇಬಿನಲ್ಲೇ ಇತ್ತು ಎಂದೆ. ನಿಮ್ಮ ಕಡೆಯ ಕಾಲೇಜಿನ ಹುಡುಗಿ ನನ್ನ ಮಗಳು ಎಂದೂ ಹೇಳಿದೆ. ಗಂಡನ ಒತ್ತುಯಂತ್ರದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಆಮೇಲೆ "ಹಾಗಾದ್ರೆ ನೀವು ಅವತ್ತು ಅವರನ್ನ ನೋಡೋಕೆ ಬಂದಿದ್ದಲ್ಲ" ಎಂದರು. ನೀರು ಕೇಳುವ ಧೈರ್ಯ ಆಗಲಿಲ್ಲ, ಅವರೂ ಕೊಡಲಿಲ್ಲ. ಹೊರಟು ಬಂದೆ.

28ಕ್ಕೆ ಕಟಕಟೆ ಹತ್ತಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮೆಮೊ ಬರುತ್ತದೆ. ಪಿಂಚಣಿ ಏನಾಗುತ್ತದೋ ನೋಡೋಣ, ನಿನ್ನಮ್ಮ "ನಾನೇನು ಪಿಂಚಣಿ ನೋಡಿ ನಿಮ್ಮನ್ನ ಕಟ್ಕೊಂಡಿದ್ನಾ?" ಎಂದು ಆಗಲೇ ಒಂದು ಸಲ ಗದರಿದ್ದಾಳೆ. ನೀನು ಬರುವುದಾದರೆ ಬಾ. ಹಿಂದಿನ ಬೆಂಚಿನಲ್ಲಿ ಕೂರು, ಮುಂದೆ ಕೂತರೆ ನನ್ನ ಬಾಯಿ ತೊದಲುತ್ತದೆ. ನೀನು ವಾಪಸ್ ಕಳಿಸಿದ ಪತ್ರ ಸುಟ್ಟಿಲ್ಲ. ಆವತ್ತು ಜೇಬಿನಲ್ಲಿಟ್ಟುಕೊಂಡು ಬರುತ್ತೇನೆ.

ಸಂಜೆ ಮನೆಗೆ ಬಂದೆ. ಸೈಕಲ್ ನಿಲ್ಲಿಸಿ, ಚಪ್ಪಲಿ ಬಿಟ್ಟು, ಬಾಗಿಲು ತೆರೆದಿದ್ದರೂ ಚಿಲಕ ಬಡಿದೆ. ನಿನ್ನಮ್ಮ ಬಂದು "ಇದೇನ್ರೀ ಹೊಸ ಆಟ?" ಎಂದಳು. ಕೋರ್ಟಿನಿಂದ ಬಂದಿದ್ದೇನೆ, ಮನೆ ಯಜಮಾನರಿದ್ದಾರಾ ಎಂದೆ. ಅವಳು ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಕಾಗದ ನೋಡಿದಳು. "ಇದ್ದಾರೆ, ಒಳಗೆ ಬನ್ನಿ" ಎಂದು ನೀರು ತಂದುಕೊಟ್ಟಳು. ಕೂತು ಷರಾ ಬರೆದೆ. ಸಾಕ್ಷಿಗೆ ಅವಳೇ ಸಹಿ ಹಾಕಿದಳು, ಓದಿ ನೋಡಿಯೇ ಹಾಕಿದಳು. ನಿನಗೆ ಇಲ್ಲಿ ನಕಲು ಮಾಡಿದ್ದೇನೆ:

"ಈ ದಿನ ಸಂಜೆ ಐದೂವರೆಗೆ ಸದರಿ ವಿಳಾಸಕ್ಕೆ ಹೋದೆ. ಮನೆಗೆ ಬೀಗ ಹಾಕಿರಲಿಲ್ಲ. ಸದರಿ ವ್ಯಕ್ತಿ ಮನೆಯಲ್ಲೇ ಇದ್ದರು. ಸಮನ್ಸ್ ಓದಿ ಹೇಳಿ ಕೈಗೆ ಕೊಟ್ಟೆ. ಪಡೆದು ಸಹಿ ಮಾಡಿದ್ದಾರೆ."

ಅಪ್ಪ